ತಣ್ಣಗಿರುವಾಗಲೇ ನೋಡಬೇಕು

ತಾಳವಾಡಿಯ ನಮ್ಮ ಬೀದಿಗೆ ಗಡಿಯಾರ ಬೇಕಿರಲಿಲ್ಲ.
ನಾಲ್ಕೂ ಮುಕ್ಕಾಲಿಗೆ ಮಲ್ಲಾಜಮ್ಮನ ಓಮ್ನಿಗೆ ಮೊದಲ ಸೆಲ್ಫು:
ಕೆರ್ ಕೆರ್ ಕೆರ್. ಅಷ್ಟೆ.
ಎರಡನೆಯದಕ್ಕೆ ಎದುರು ಮನೆಯ ಹಸು ಏಳುತ್ತಿತ್ತು.
ಮೂರಕ್ಕೆ ಹೋಟೆಲಿನ ರುದ್ರಣ್ಣ ಒಲೆ ಊದುತ್ತಿದ್ದ.
ಐದಕ್ಕೋ ಆರಕ್ಕೋ ಹತ್ತಿಕೊಂಡು
ಗೂರಲು ಮುದುಕನ ಹಾಗೆ ಎದೆ ಎತ್ತೆತ್ತಿ ಹಾಕುತ್ತ
ಚೆಂಡುಹೂವಿನ ಮೂಟೆಗಳ ಸಮೇತ ನಡುಗುತ್ತ ನಿಲ್ಲುತ್ತಿತ್ತು.

ನಾನು ಮೆಕ್ಯಾನಿಕ್ಕು.
ಕಂಬಳಿಯೊಳಗೆ ಮಲಗಿಕೊಂಡೇ
ಎರಡು ಚಳಿಗಾಲ ಅದಕ್ಕೆ ಮದ್ದು ಅರೆದಿದ್ದೇನೆ.
ಬ್ಯಾಟರಿಯಲ್ಲ, ತಿರುಗುವ ಜೋರಿದೆ.
ಪಂಪಲ್ಲ, ಹತ್ತಿದ ಮೇಲೆ ದಿಂಬದ ಏರು ಏರುತ್ತದಲ್ಲ.
ಚೋಕು ಎಳೆದರೆ ಒಂದು ಗಳಿಗೆ ಸುಮ್ಮನಾಗುತ್ತದೆ,
ಹಾಗಾದರೆ ಎಲ್ಲೋ ಕದ್ದು ಗಾಳಿ ಕುಡಿಯುತ್ತಿದೆ.
ಗೊತ್ತಿದ್ದೇನು ಬಂತು,
ಕರೆಯದೆ ಹೋಗಿ ಇನ್ನೊಬ್ಬರ ಸೀಟು ಎತ್ತಲಾಗುತ್ತದೆಯೇ?

ಅವಳು ತೋರಿಸುತ್ತಿದ್ದದ್ದು ಸತ್ಯಮಂಗಲದಲ್ಲಿ.
ಇಪ್ಪತ್ತೇಳು ತಿರುವು ಇಳಿದು, ಕೆಳಗಿನ ಸೆಕೆಗೆ ಬೆವತು,
ಮಂಡಿಯಲ್ಲಿ ಹೂವು ಇಳಿಸಿ
ವರ್ಕ್‌ಶಾಪಿನ ಮುಂದೆ ನಿಂತ ಬಂಡಿ
ಮೇಷ್ಟ್ರ ಮುಂದಿನ ಹುಡುಗನಷ್ಟು ಸಾಧು.
‘ಒಣ್ಣುಮಿಲ್ಲಮ್ಮಾ’ ಅಂದರಂತೆ. ಪ್ಲಗ್ಗು ಬದಲಿಸಿ ಆರುನೂರು.
ಮುಂದಿನ ತಿಂಗಳು ಮತ್ತೆ ಒಣ್ಣುಮಿಲ್ಲೆ, ಮತ್ತೆ ಇನ್ನೂರು.

ಕೊನೆಗೆ ನನ್ನ ಹತ್ತಿರ ಬಂದಳು.
ಎದುರು ಸಾಲಿನಿಂದ ಬರುವುದಕ್ಕೂ
ಕೆರೆ ಏರಿ ಸುತ್ತಿ, ಅರ್ಧ ಗಂಟೆ ಬಿಸಿ ಮಾಡಿಕೊಂಡು,
ನೆಂಟರ ಮನೆಗೆ ಮಗುವಿಗೆ ಮುಖ ತೊಳೆಸಿ ತಂದ ಹಾಗೆ.
‘ಬಿಸಿ ಇಂಜಿನ್ನು ನಿಜ ಹೇಳಲ್ಲ ಕನವ್ವ,
ರಾತ್ರಿ ಇಲ್ಲೇ ಬುಟ್ಟೋಗು. ಚಾವಿ ಮುಟ್ಟಬ್ಯಾಡ.
ಚಳಿ ಅದರ ಮೂಳೆಗೆ ಇಳೀಲಿ.’

ಮಾರ್ಗಳಿಯ ಮಂಜು. ಬಾಯಲ್ಲಿ ಟಾರ್ಚು ಕಚ್ಚಿ ಸೀಟು ಎತ್ತಿದರೆ
ಮೊದಲು ಸಿಕ್ಕಿದ್ದು ಎರಡು ಬೊಗಸೆ ಒಣ ಹೂವಿನೆಸಳು.
ಅವಳು ಸೆಲ್ಫು ಹೊಡೆದಳು. ಐದು. ಆರು. ಹತ್ತಿತು, ನಡುಗಿತು.
ಪ್ಲಗ್ಗಿನ ವೈರು ಒಂದೊಂದಾಗಿ ಕಿತ್ತೆ.
ಒಂದನೆಯದು ಕಿತ್ತಾಗ ಮುಗ್ಗರಿಸಿತು.
ಎರಡನೆಯದಕ್ಕೆ ಸತ್ತೇ ಹೋಗುತ್ತಿತ್ತು.
ಮೂರನೆಯದು ಕಿತ್ತರೆ ಏನೂ ಇಲ್ಲ.
ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ;
ಇಂಥವರನ್ನು ನಾನು ನಮ್ಮ ಪಂಚಾಯಿತಿಯಲ್ಲೂ ನೋಡಿದ್ದೇನೆ.
ಬಿಚ್ಚಿದೆ: ಪ್ಲಗ್ಗಿನ ತುದಿ ಸುಣ್ಣದ ಬಿಳುಪು.
ಸೋಮಾರಿಯಲ್ಲ ಪಾಪ, ಹಸಿದಿದೆ.
ಬರೀ ಗಾಳಿ ತಿಂದು ಕೂತಿದೆ.

ಕ್ಷೌರದಂಗಡಿ ನಂಜನ ನೀರಿನ ಬಾಟಲಿ ರಾತ್ರಿಯೇ ಇಸಿದುಕೊಂಡಿದ್ದೆ.
ಕೊಳವೆ ಕೊಳವೆಗೂ ಚಿಮುಕಿಸಿದೆ,
ತಲೆಗೆ ಚಿಮುಕಿಸಿದ ಹಾಗೆ, ಸ್ವಲ್ಪ ಸ್ವಲ್ಪ.
ಕಾರ್ಬೊರೇಟರಿನ ಬುಡ: ಸುಮ್ಮನೆ.
ಗ್ಯಾಸ್ಕೆಟ್ಟಿನ ಅಂಚು: ಸುಮ್ಮನೆ.
ಮೂರನೇ ಬಾಯಿಯ ಹತ್ತಿರ ಗೇಣುದ್ದದ ರಬ್ಬರು ಪೈಪು:
ಗುಟುಕ್! ನೀರು ಒಳಕ್ಕೆ ಹೋಯಿತು, ದನಿ ಬದಲಾಯಿತು.
ಒಂದು ಸೀಳು, ಕೂದಲೆಳೆಯಷ್ಟು.
ಚಳಿಗೆ ಬಾಯಿ ಬಿಡುತ್ತದೆ, ಕಾದರೆ ಮುಚ್ಚಿಕೊಳ್ಳುತ್ತದೆ.
ಸತ್ಯಮಂಗಲದವರದು ತಪ್ಪಲ್ಲ.
ಅಲ್ಲಿ ಅದು ಬಾಯಿ ಬಿಟ್ಟೇ ಇಲ್ಲ.

ಪೈಪಿಗೆ ಎಂಬತ್ತು, ಕೈಗೆ ನೂರು.
ಮಾರನೆಯ ನಸುಕಿಗೆ ಒಂದೇ ಸೆಲ್ಫು, ಹತ್ತಿತು.
ರುದ್ರಣ್ಣನ ಟೀ ಲೋಟ ಡ್ಯಾಶಿನ ಮೇಲಿಟ್ಟೆ,
ಕೆನೆ ಕೂಡ ಅಲುಗಲಿಲ್ಲ.
ಮಲ್ಲಾಜಮ್ಮ ನಂಬದೆ ಇನ್ನೊಂದು ಸಲ ಚಾವಿ ತಿರುವಿದಳು,
ಕಿರ್ರ್ ಅಂತ ಹಲ್ಲಿಗೆ ಹಲ್ಲು ಉಜ್ಜಿತು.
‘ಹತ್ತೈತಾ?’ ಅಂದಳು.
‘ಹತ್ತಿ ಎಷ್ಟೊತ್ತಾಯ್ತು.’
ಸ್ವಲ್ಪ ಹೊತ್ತು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತಳು,
ನಡುಕ ಹುಡುಕುವವಳ ಹಾಗೆ.

ಅದರ ಮಾರನೆಯ ದಿನ ಬೀದಿಗೆ ಬೀದಿಯೇ ಮಲಗಿತ್ತು.
ಹಾಲು ಡೈರಿಗೆ ತಡ. ಐಟಿಐ ಹುಡುಗರಿಗೆ ಬಸ್ಸು ತಪ್ಪಿತು.
ನಾನೂ ಏಳುವಾಗ ಬಿಸಿಲು ಕಂಬಳಿಯ ಮೇಲಿತ್ತು.
ರುದ್ರಣ್ಣ ಬಾಗಿಲಿಗೇ ಬಂದ,
ಒಲೆ ಹಚ್ಚದ ಕೈ ಸೊಂಟದ ಮೇಲೆ:
‘ಲೋ, ಆ ಹಳೇ ಪೈಪು ಎಸೆದ್ಬುಟ್ಯಾ?’

ಎಸೆದಿರಲಿಲ್ಲ.
ಮೊಳೆಗೆ ನೇತು ಹಾಕಿದ್ದೆ.